ನಿರುದ್ಯೋಗದ ಅಂಕಿ ಅಂಶ: ನಂಬಬೇಕೇ, ಬಿಡಬೇಕೇ?

ನಮ್ಮ ದೇಶದಲ್ಲಿ ಕೆಲಸವಿಲ್ಲದವರು ಎಷ್ಟು ಮಂದಿ? ಈ ಪ್ರಶ್ನೆಗೆ ಸರಕಾರ ಒಂದು ಉತ್ತರ ಕೊಡುತ್ತದೆ, ವಿರೋಧ ಪಕ್ಷಗಳು ಇನ್ನೊಂದು ಉತ್ತರ ಕೊಡುತ್ತವೆ, ಖಾಸಗಿ ಸಂಸ್ಥೆಗಳು ಮತ್ತೊಂದು ಉತ್ತರ ಕೊಡುತ್ತವೆ. ಭಾನುವಾರದ ಪೂಜೆಯ ನಂತರ ಚರ್ಚ್ ಅಂಗಳದಲ್ಲಿ ನಿಂತು ಮಾತನಾಡುವ ತಂದೆ ತಾಯಂದಿರ ಉತ್ತರವಂತೂ ಈ ಮೂರಕ್ಕೂ ಹೊಂದುವುದಿಲ್ಲ. "ಡಿಗ್ರಿ ಮುಗಿಸಿ ಎರಡು ವರ್ಷ ಆಯಿತು, ಮಗ ಮನೆಯಲ್ಲೇ ಇದ್ದಾನೆ" ಎನ್ನುವವರು ಪ್ರತಿಯೊಂದು ವಾಳೆಯಲ್ಲೂ ಸಿಗುತ್ತಾರೆ. ಆದರೆ ಸರಕಾರದ ಸಮೀಕ್ಷೆಯ ಪ್ರಕಾರ 2023ರ ಜುಲೈಯಿಂದ 2024ರ ಜೂನ್ ವರೆಗಿನ ಅವಧಿಯಲ್ಲಿ ದೇಶದ ನಿರುದ್ಯೋಗ ದರ ಕೇವಲ ಶೇ. 3.2. ಅಂದರೆ ದುಡಿಯಲು ಸಿದ್ಧರಿರುವ ನೂರು ಮಂದಿಯಲ್ಲಿ 97 ಮಂದಿಗೆ ಕೆಲಸ ಇದೆ ಎಂದಾಯಿತು. ಹಾಗಾದರೆ ಯಾರು ಹೇಳುವುದು ಸರಿ? ಅಂಕಿ ಸುಳ್ಳೇ, ಅಥವಾ ನಮ್ಮ ಕಣ್ಣು ಸುಳ್ಳೇ?

ಎರಡೂ ಸುಳ್ಳಲ್ಲ ಎನ್ನುವುದು ನಮ್ಮ ಅಭಿಪ್ರಾಯ. ಆದರೆ ಇದನ್ನು ಅರ್ಥ ಮಾಡಿಕೊಳ್ಳಬೇಕಾದರೆ ಆ ಅಂಕಿಯನ್ನು ಹೇಗೆ ಲೆಕ್ಕ ಹಾಕುತ್ತಾರೆ ಎನ್ನುವುದನ್ನು ತಿಳಿಯಬೇಕು. ಯುವಜನರ ನಡುವೆ ಕೆಲಸ ಮಾಡುವವರಿಗೆ, ಬಡ ಕುಟುಂಬಗಳಿಗೆ ನೆರವು ನೀಡುವ ಸಂಘಟನೆಗಳ ಸದಸ್ಯರಿಗೆ, ಮಕ್ಕಳ ಮುಂದಿನ ದಾರಿಯ ಬಗ್ಗೆ ಚಿಂತಿಸುವ ಹೆತ್ತವರಿಗೆ ಈ ವಿಷಯ ಬರೀ ಪತ್ರಿಕೆಯ ಸುದ್ದಿಯಲ್ಲ. ಸರಕಾರದ ಯೋಜನೆಗಳು, ಉದ್ಯೋಗ ತರಬೇತಿಯ ಅನುದಾನ, ಚುನಾವಣೆಯ ಭರವಸೆಗಳು ಎಲ್ಲವೂ ಈ ಅಂಕಿಯ ಮೇಲೆಯೇ ನಿಂತಿವೆ. ಸಮಸ್ಯೆಯೇ ಇಲ್ಲ ಎಂದು ಅಂಕಿ ಹೇಳಿದರೆ ಪರಿಹಾರಕ್ಕೆ ಹಣ ಯಾರು ಕೊಡುತ್ತಾರೆ?

ಲೆಕ್ಕ ಶುರುವಾದದ್ದು ಹೇಗೆ?

ಹಿಂದೆ ಉದ್ಯೋಗ ವಿನಿಮಯ ಕೇಂದ್ರದಲ್ಲಿ ಹೆಸರು ನೋಂದಾಯಿಸುವುದು ವಾಡಿಕೆಯಾಗಿತ್ತು. ಎಸ್ಸೆಸ್ಸೆಲ್ಸಿ ಮುಗಿದ ಕೂಡಲೇ ಅಲ್ಲಿ ಹೆಸರು ಬರೆಸಿ, ಕಾರ್ಡನ್ನು ಜೋಪಾನವಾಗಿ ಇಟ್ಟುಕೊಂಡವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಆದರೆ ಆ ಪಟ್ಟಿಯಿಂದ ನಿರುದ್ಯೋಗಿಗಳ ಸಂಖ್ಯೆ ಗೊತ್ತಾಗುವುದಿಲ್ಲ. ಕೆಲಸ ಸಿಕ್ಕಿದವರ ಹೆಸರೂ ಅದರಲ್ಲಿ ಉಳಿದಿರುತ್ತದೆ, ಕೆಲಸವಿಲ್ಲದ ಎಷ್ಟೋ ಮಂದಿ ಅತ್ತ ಸುಳಿದೇ ಇರುವುದಿಲ್ಲ.

ಆದುದರಿಂದ ಮನೆ ಮನೆಗೆ ಹೋಗಿ ಕೇಳುವ ಮಾದರಿ ಸಮೀಕ್ಷೆಯೇ ಸೂಕ್ತ ಎಂಬ ನಿರ್ಧಾರಕ್ಕೆ ಬರಲಾಯಿತು. ಅರ್ಥಶಾಸ್ತ್ರಜ್ಞ ಎಂ.ಎಲ್. ದಾಂತ್‌ವಾಲಾ ಅವರ ಅಧ್ಯಕ್ಷತೆಯ ಸಮಿತಿ 1970ರಲ್ಲಿ ವರದಿ ಕೊಟ್ಟಿತು. ಭಾರತದಂತಹ ದೇಶದಲ್ಲಿ, ಹೆಚ್ಚಿನವರು ಹೊಲ ಗದ್ದೆ, ಸಣ್ಣ ವ್ಯಾಪಾರ, ದಿನಗೂಲಿಗಳಲ್ಲಿ ತೊಡಗಿರುವಾಗ, ನಿರುದ್ಯೋಗವನ್ನು ಒಂದೇ ಅಳತೆಗೋಲಿನಿಂದ ಅಳೆಯಲು ಸಾಧ್ಯವಿಲ್ಲ ಎನ್ನುವುದು ಅದರ ಸಾರ. ಅದರಂತೆ 1972-73ರಿಂದ ರಾಷ್ಟ್ರೀಯ ಮಾದರಿ ಸಮೀಕ್ಷಾ ಸಂಸ್ಥೆಯು ಸುಮಾರು ಐದು ವರ್ಷಗಳಿಗೊಮ್ಮೆ ದೊಡ್ಡ ಉದ್ಯೋಗ ಸಮೀಕ್ಷೆಗಳನ್ನು ನಡೆಸುತ್ತಾ ಬಂತು. ಈ ಸಾಲಿನ ಕೊನೆಯ ಸಮೀಕ್ಷೆ ನಡೆದದ್ದು 2011-12ರಲ್ಲಿ.

ಐದು ವರ್ಷಗಳಿಗೊಮ್ಮೆ ಮಾತ್ರ ಲೆಕ್ಕ ಸಿಕ್ಕರೆ ಸಾಲದು ಎಂಬ ಕಾರಣಕ್ಕೆ 2017ರ ಏಪ್ರಿಲ್‌ನಲ್ಲಿ ನಿಯತಕಾಲಿಕ ಶ್ರಮಶಕ್ತಿ ಸಮೀಕ್ಷೆ, ಅಂದರೆ ಪಿಎಲ್‌ಎಫ್‌ಎಸ್, ಆರಂಭವಾಯಿತು. ಮೊದಲು ಇದು ನಗರಗಳಿಗೆ ಮೂರು ತಿಂಗಳಿಗೊಮ್ಮೆ, ಇಡೀ ದೇಶಕ್ಕೆ ವರ್ಷಕ್ಕೊಮ್ಮೆ ಅಂಕಿಗಳನ್ನು ಕೊಡುತ್ತಿತ್ತು. 2025ರ ಜನವರಿಯಿಂದ ಸಮೀಕ್ಷೆಯ ಕ್ರಮವನ್ನೇ ಬದಲಾಯಿಸಿ, ತಿಂಗಳಿಗೊಮ್ಮೆ ಅಂಕಿ ನೀಡುವ ವ್ಯವಸ್ಥೆ ಮಾಡಲಾಯಿತು. 2025ರ ಏಪ್ರಿಲ್ ತಿಂಗಳ ದರವನ್ನು ಮೇ 15ರಂದು ಪ್ರಕಟಿಸಲಾಯಿತು. ಅದು ಶೇ. 5.1. ಹೊಸ ಕ್ರಮದಲ್ಲಿ ಸುಮಾರು 2.72 ಲಕ್ಷ ಮನೆಗಳನ್ನು ಸಮೀಕ್ಷೆಗೆ ಆರಿಸಲಾಗುತ್ತದೆ. ಜಿಲ್ಲೆಯನ್ನು ಮಾದರಿ ಆಯ್ಕೆಯ ಮೂಲ ಘಟಕವನ್ನಾಗಿ ಮಾಡಲಾಗಿದೆ.

ಮೊದಲು ಶೇ. 3.2 ಎಂದೆವು, ಈಗ ಶೇ. 5.1 ಎನ್ನುತ್ತಿದ್ದೇವೆ. ಒಂದೇ ವರ್ಷದಲ್ಲಿ ನಿರುದ್ಯೋಗ ಅಷ್ಟು ಏರಿತೇ? ಇಲ್ಲ. ಇವು ಎರಡು ಬೇರೆ ಬೇರೆ ಅಳತೆಗಳು. ಹೆಚ್ಚಿನ ಗೊಂದಲ ಹುಟ್ಟುವುದೇ ಇಲ್ಲಿ.

ವರ್ಷದ ಲೆಕ್ಕ, ವಾರದ ಲೆಕ್ಕ

ಮೊದಲನೆಯದು ವಾಡಿಕೆಯ ಸ್ಥಿತಿಯ ಲೆಕ್ಕ. ಕಳೆದ 365 ದಿನಗಳಲ್ಲಿ ನೀವು ಹೆಚ್ಚಿನ ಕಾಲ ಏನು ಮಾಡುತ್ತಿದ್ದಿರಿ ಎಂದು ಕೇಳುತ್ತಾರೆ. ಹೆಚ್ಚಿನ ಕಾಲ ಕೆಲಸವಿಲ್ಲದಿದ್ದರೂ ವರ್ಷದಲ್ಲಿ 30 ದಿನ ಅಥವಾ ಅದಕ್ಕಿಂತ ಹೆಚ್ಚು ಏನಾದರೂ ಕೆಲಸ ಮಾಡಿದ್ದರೆ ಅದನ್ನು ಉಪ ಉದ್ಯೋಗವೆಂದು ಸೇರಿಸಿ ಆ ವ್ಯಕ್ತಿಯನ್ನು ಉದ್ಯೋಗಸ್ಥರ ಸಾಲಿಗೆ ಹಾಕುತ್ತಾರೆ. ಶೇ. 3.2 ಎನ್ನುವುದು ಈ ಲೆಕ್ಕದಿಂದ ಬಂದದ್ದು.

ಎರಡನೆಯದು ಪ್ರಸ್ತುತ ವಾರದ ಸ್ಥಿತಿಯ ಲೆಕ್ಕ. ಕಳೆದ ಏಳು ದಿನಗಳಲ್ಲಿ ಯಾವುದಾದರೂ ಒಂದು ದಿನ ಕನಿಷ್ಠ ಒಂದು ಗಂಟೆ ಕೆಲಸ ಮಾಡಿದ್ದರೆ ನೀವು ಉದ್ಯೋಗಸ್ಥರು. ಒಂದು ಗಂಟೆಯೂ ಕೆಲಸ ಮಾಡದೆ, ಆದರೆ ಕೆಲಸ ಹುಡುಕುತ್ತಿದ್ದರೆ ಅಥವಾ ಸಿಕ್ಕಿದರೆ ಮಾಡಲು ಸಿದ್ಧರಿದ್ದರೆ ನೀವು ನಿರುದ್ಯೋಗಿ. ತಿಂಗಳಿಗೊಮ್ಮೆ ಬರುವ ಅಂಕಿ ಈ ಲೆಕ್ಕದ್ದು. 2023-24ರಲ್ಲಿ ವರ್ಷದ ಲೆಕ್ಕದಲ್ಲಿ ಶೇ. 3.2 ಇದ್ದ ನಿರುದ್ಯೋಗ, ಅದೇ ಸಮೀಕ್ಷೆಯ ವಾರದ ಲೆಕ್ಕದಲ್ಲಿ ಶೇ. 4.9 ಇತ್ತು.

ಕರಾವಳಿಯವರಿಗೆ ಇದು ಸುಲಭವಾಗಿ ಅರ್ಥವಾಗುವ ಉದಾಹರಣೆಯಿದೆ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರ ವರೆಗೆ 61 ದಿನ ಯಾಂತ್ರೀಕೃತ ಬೋಟುಗಳ ಮೀನುಗಾರಿಕೆಗೆ ನಿಷೇಧ ಇರುತ್ತದೆ. ಮಲ್ಪೆಯ ಅಥವಾ ಮಂಗಳೂರು ದಕ್ಕೆಯ ಬೋಟಿನಲ್ಲಿ ದುಡಿಯುವ ಒಬ್ಬ ಕಾರ್ಮಿಕನನ್ನು ಜುಲೈ ಎರಡನೇ ವಾರದಲ್ಲಿ ಭೇಟಿ ಮಾಡಿದರು ಎಂದುಕೊಳ್ಳೋಣ. ವರ್ಷದ ಲೆಕ್ಕದಲ್ಲಿ ಆತ ಉದ್ಯೋಗಸ್ಥ, ಏಕೆಂದರೆ ಹತ್ತು ತಿಂಗಳು ಕಡಲಿಗೆ ಹೋಗಿದ್ದಾನೆ. ವಾರದ ಲೆಕ್ಕದಲ್ಲಿ, ಆ ವಾರ ಏನೂ ಕೆಲಸ ಸಿಗದೆ, ಸಿಕ್ಕಿದರೆ ಮಾಡುತ್ತೇನೆ ಎಂದು ಹೇಳಿದರೆ ಆತ ನಿರುದ್ಯೋಗಿ. ಅದೇ ವಾರ ಯಾರದ್ದೋ ಬಲೆ ಸರಿಪಡಿಸಲು ಒಂದು ದಿನ ಕೂಲಿಗೆ ಹೋಗಿದ್ದರೆ ಮತ್ತೆ ಉದ್ಯೋಗಸ್ಥ. ಮನುಷ್ಯ ಒಬ್ಬನೇ, ಮನೆಯ ಕಷ್ಟವೂ ಅದೇ. ಆದರೆ ಯಾವ ಪ್ರಶ್ನೆ ಕೇಳಿದರು ಎನ್ನುವುದರ ಮೇಲೆ ಉತ್ತರ ಬದಲಾಗುತ್ತದೆ.

ವರ್ಷದ ಲೆಕ್ಕ ಎಷ್ಟರ ಮಟ್ಟಿಗೆ ಸಂಕಷ್ಟವನ್ನು ಮರೆಮಾಚಬಲ್ಲದು ಎನ್ನುವುದಕ್ಕೆ ಕೊರೊನಾ ಕಾಲವೇ ಸಾಕ್ಷಿ. 2019ರ ಜುಲೈಯಿಂದ 2020ರ ಜೂನ್ ವರೆಗಿನ ಅವಧಿಯಲ್ಲಿ ಲಾಕ್‌ಡೌನ್‌ನ ಅತ್ಯಂತ ಕಠಿಣ ದಿನಗಳು ಸೇರಿದ್ದವು. ರೈಲು ಬಸ್ಸುಗಳಿಲ್ಲದೆ ಕಾರ್ಮಿಕರು ನಡೆದುಕೊಂಡೇ ಊರು ಸೇರಿದ ವರ್ಷ ಅದು. ಆದರೆ ಆ ವರ್ಷದ ವಾಡಿಕೆಯ ಲೆಕ್ಕದ ನಿರುದ್ಯೋಗ ದರ ಹಿಂದಿನ ವರ್ಷದ ಶೇ. 5.8ರಿಂದ ಶೇ. 4.8ಕ್ಕೆ ಇಳಿದಿತ್ತು! ಅದೇ ಸಮೀಕ್ಷೆಯ ನಗರ ಪ್ರದೇಶದ ವಾರದ ಲೆಕ್ಕ ನೋಡಿದರೆ 2020ರ ಏಪ್ರಿಲ್‌ನಿಂದ ಜೂನ್ ವರೆಗಿನ ಮೂರು ತಿಂಗಳಲ್ಲಿ ನಿರುದ್ಯೋಗ ಸುಮಾರು ಶೇ. 21ಕ್ಕೆ ಏರಿತ್ತು. ಎರಡೂ ಸರಕಾರದ್ದೇ ಅಂಕಿಗಳು. ಯಾವುದೂ ತಿದ್ದಿದ್ದಲ್ಲ. ಒಂದು ವರ್ಷವಿಡೀ ನೋಡುತ್ತದೆ, ಇನ್ನೊಂದು ಆ ಗಳಿಗೆಯನ್ನು ನೋಡುತ್ತದೆ.

ಯಾರು ಲೆಕ್ಕದ ಒಳಗೆ, ಯಾರು ಹೊರಗೆ?

ನಿರುದ್ಯೋಗ ದರವೆಂದರೆ ಒಟ್ಟು ಜನಸಂಖ್ಯೆಯಲ್ಲಿ ಕೆಲಸವಿಲ್ಲದವರ ಪಾಲು ಎಂದು ಬಹಳಷ್ಟು ಮಂದಿ ತಿಳಿದಿದ್ದಾರೆ. ಅದು ಹಾಗಲ್ಲ. ಕೆಲಸ ಮಾಡುತ್ತಿರುವವರು ಮತ್ತು ಕೆಲಸ ಬೇಕು ಎನ್ನುವವರು, ಇವರಿಬ್ಬರನ್ನು ಸೇರಿಸಿದರೆ ಶ್ರಮಶಕ್ತಿ. ಈ ಶ್ರಮಶಕ್ತಿಯಲ್ಲಿ ಕೆಲಸವಿಲ್ಲದವರ ಪಾಲು ಮಾತ್ರ ನಿರುದ್ಯೋಗ ದರ. ವಿದ್ಯಾರ್ಥಿಗಳು, ಮನೆವಾರ್ತೆ ಮಾತ್ರ ನೋಡಿಕೊಳ್ಳುವವರು, ವಯಸ್ಸಾದವರು ಈ ಲೆಕ್ಕಕ್ಕೆ ಬರುವುದೇ ಇಲ್ಲ.

ಒಂದು ಸಣ್ಣ ಲೆಕ್ಕ ಮಾಡಿ ನೋಡೋಣ. ಒಂದು ಊರಿನಲ್ಲಿ 100 ಮಂದಿ ವಯಸ್ಕರಿದ್ದಾರೆ. ಅವರಲ್ಲಿ 54 ಮಂದಿಗೆ ಕೆಲಸ ಇದೆ, 6 ಮಂದಿ ಕೆಲಸ ಬೇಕು ಎನ್ನುತ್ತಾರೆ. ಶ್ರಮಶಕ್ತಿ 60, ನಿರುದ್ಯೋಗ ದರ ಶೇ. 10. ಈಗ ಆ ಆರು ಮಂದಿಯಲ್ಲಿ ಮೂವರು ಬೇಸತ್ತು ಕೆಲಸದ ಆಸೆಯನ್ನೇ ಬಿಟ್ಟರು ಎಂದುಕೊಳ್ಳಿ. ಶ್ರಮಶಕ್ತಿ 57, ನಿರುದ್ಯೋಗಿಗಳು 3, ದರ ಶೇ. 5.3. ಒಬ್ಬರಿಗೂ ಹೊಸ ಕೆಲಸ ಸಿಗಲಿಲ್ಲ. ಆದರೆ ನಿರುದ್ಯೋಗ ಅರ್ಧಕ್ಕೆ ಇಳಿಯಿತು!

ನಮ್ಮ ದೇಶದ ಸಮೀಕ್ಷೆಯಲ್ಲಿ ಒಂದು ಒಳ್ಳೆಯ ಅಂಶವಿದೆ. ಅರ್ಜಿ ಹಾಕುವುದನ್ನು ನಿಲ್ಲಿಸಿದ್ದರೂ "ಕೆಲಸ ಸಿಕ್ಕಿದರೆ ಮಾಡುತ್ತೇನೆ" ಎಂದು ಹೇಳಿದರೆ ಆತನನ್ನು ನಿರುದ್ಯೋಗಿ ಎಂದೇ ಪರಿಗಣಿಸುತ್ತಾರೆ. ಆದರೆ ಆ ಮಾತು ಬಾಯಿಂದ ಬರಬೇಕಲ್ಲ! ನರ್ಸಿಂಗ್ ಕಲಿತು, ಮದುವೆಯಾಗಿ, ಹತ್ತಿರದಲ್ಲಿ ಸರಿಯಾದ ಕೆಲಸವಿಲ್ಲದ ಕಾರಣ ಮನೆಯಲ್ಲಿರುವ ಹೆಣ್ಣುಮಗಳು "ನಾನು ಮನೆಯಲ್ಲೇ" ಎಂದಷ್ಟೇ ಹೇಳಿದರೆ ಲೆಕ್ಕದಿಂದ ಹೊರಗೆ. ಬ್ಯಾಂಕ್ ಪರೀಕ್ಷೆಗೆ ಮೂರನೇ ವರ್ಷ ಕೋಚಿಂಗ್‌ಗೆ ಹೋಗುತ್ತಿರುವ ಯುವಕ ವಿದ್ಯಾರ್ಥಿ ಎಂದು ದಾಖಲಾದರೆ ಆತನೂ ಹೊರಗೆ.

ವಿದೇಶದಲ್ಲಿರುವವರ ವಿಷಯವೂ ಹೀಗೆಯೇ. ಆರು ತಿಂಗಳಿಗಿಂತ ಹೆಚ್ಚು ಕಾಲ ಮನೆಯಿಂದ ದೂರ ಇರುವವರನ್ನು ಸಮೀಕ್ಷೆಯಲ್ಲಿ ಆ ಮನೆಯ ಸದಸ್ಯರೆಂದು ಪರಿಗಣಿಸುವುದಿಲ್ಲ. ಕುವೈಟ್, ದುಬೈ, ಮಸ್ಕತ್‌ಗಳಲ್ಲಿ ದುಡಿಯುವ ನಮ್ಮ ಸಾವಿರಾರು ಮಂದಿ ಈ ಊರಿನ ಉದ್ಯೋಗಸ್ಥರಲ್ಲಿ ಸೇರುವುದಿಲ್ಲ. ಇಲ್ಲಿ ಕೆಲಸ ಸಿಗದ ಕಾರಣ ಅವರು ಹೋದರು ಎನ್ನುವುದೂ ಇಲ್ಲಿನ ಅಂಕಿಯಲ್ಲಿ ಎಲ್ಲಿಯೂ ಕಾಣುವುದಿಲ್ಲ. ವಲಸೆ ಹೋಗುವವರು ಹೆಚ್ಚಾದಂತೆ ಊರಿನ ನಿರುದ್ಯೋಗ ದರ ತಾನಾಗಿಯೇ ಕಡಿಮೆಯಾಗಬಹುದು!

ಬಡವನಿಗೆ ನಿರುದ್ಯೋಗಿಯಾಗಿರಲು ಸಾಧ್ಯವೇ?

ಇನ್ನೊಂದು ವಿಚಿತ್ರವಿದೆ. 2023-24ರ ಸಮೀಕ್ಷೆಯಲ್ಲಿ ಕೇರಳದ ನಿರುದ್ಯೋಗ ದರ ಶೇ. 7.2. ಮಧ್ಯಪ್ರದೇಶದ್ದು ಕೇವಲ ಶೇ. 1. ನಮ್ಮ ಕರ್ನಾಟಕದ್ದು ಶೇ. 3ಕ್ಕಿಂತ ಕಡಿಮೆ. ಹಾಗಾದರೆ ಕೇರಳದ ಜನರು ಮಧ್ಯಪ್ರದೇಶಕ್ಕೆ ಕೆಲಸ ಹುಡುಕಿಕೊಂಡು ಹೋಗಬೇಕಿತ್ತಲ್ಲವೇ? ನಡೆಯುತ್ತಿರುವುದು ಅದಕ್ಕೆ ವಿರುದ್ಧ. ಉತ್ತರದ ಬಡ ರಾಜ್ಯಗಳಿಂದ ಕಾರ್ಮಿಕರು ಕೇರಳಕ್ಕೂ, ನಮ್ಮ ಕರಾವಳಿಗೂ ಬರುತ್ತಿದ್ದಾರೆ.

ಇದರ ಕಾರಣ ಸರಳ. ಕೆಲಸವಿಲ್ಲದೆ ಕಾಯಬೇಕಾದರೂ ಮನೆಯಲ್ಲಿ ಗಂಜಿಗೆ ಗತಿ ಇರಬೇಕು. ಓದಿದ ಮಗನನ್ನು ಒಂದು ವರ್ಷ ಕೂರಿಸಿ ಊಟ ಹಾಕುವ ಶಕ್ತಿ ಇರುವ ಮನೆಯಲ್ಲಿ ಮಾತ್ರ "ತಕ್ಕ ಕೆಲಸ ಸಿಗುವ ವರೆಗೆ ಕಾಯುತ್ತೇನೆ" ಎನ್ನಲು ಸಾಧ್ಯ. ಆ ಶಕ್ತಿ ಇಲ್ಲದವನು ಸಿಕ್ಕಿದ ಕೆಲಸಕ್ಕೆ, ಸಿಕ್ಕಿದ ಕೂಲಿಗೆ ಹೋಗುತ್ತಾನೆ. ಸಮೀಕ್ಷೆಯ ಕಣ್ಣಿಗೆ ಆತ ಉದ್ಯೋಗಸ್ಥ. ಆದುದರಿಂದಲೇ ನಿರುದ್ಯೋಗ ದರ ವಿದ್ಯಾವಂತರಲ್ಲಿ, ಯುವಜನರಲ್ಲಿ ಹೆಚ್ಚು. 15ರಿಂದ 29 ವರ್ಷದವರಲ್ಲಿ ಅದು 2023-24ರಲ್ಲಿ ದೇಶದಲ್ಲಿ ಶೇ. 10.2, ಕೇರಳದಲ್ಲಿ ಶೇ. 29.9. ಚರ್ಚ್ ಅಂಗಳದಲ್ಲಿ ನಾವು ಕೇಳುವ ದೂರು ಈ ಅಂಕಿಗೆ ಹತ್ತಿರವಾಗಿದೆ. ಒಟ್ಟು ದರವಾದ ಶೇ. 3.2ರಲ್ಲಿ ಅದು ಮುಳುಗಿಹೋಗುತ್ತದೆ.

ಬಡ ದೇಶದಲ್ಲಿ ನಿರುದ್ಯೋಗ ದರ ಕಡಿಮೆ ಇದೆ ಎಂದರೆ ಜನ ಸುಖವಾಗಿದ್ದಾರೆ ಎಂದು ಅರ್ಥವಲ್ಲ. ಕೆಲಸ ಇದೆಯೇ ಎನ್ನುವ ಪ್ರಶ್ನೆಗಿಂತ ಎಂತಹ ಕೆಲಸ, ಎಷ್ಟು ಸಂಬಳ ಎನ್ನುವ ಪ್ರಶ್ನೆಯೇ ಇಲ್ಲಿ ಮುಖ್ಯ.

ಸಂಬಳವಿಲ್ಲದ ಉದ್ಯೋಗ

ಈ ಪ್ರಶ್ನೆಗೂ ಅದೇ ಸಮೀಕ್ಷೆಯಲ್ಲಿ ಉತ್ತರವಿದೆ. ಆದರೆ ಅದು ಪತ್ರಿಕೆಗಳ ತಲೆಬರಹಕ್ಕೆ ಬರುವುದಿಲ್ಲ. 2017-18ರಲ್ಲಿ ದುಡಿಯುವವರಲ್ಲಿ ಸ್ವಂತ ಉದ್ಯೋಗದವರು ಶೇ. 52.2 ಇದ್ದರು. 2023-24ರಲ್ಲಿ ಅವರು ಶೇ. 58.4 ಆದರು. ಇದೇ ಅವಧಿಯಲ್ಲಿ ತಿಂಗಳ ಸಂಬಳದ ಕೆಲಸದಲ್ಲಿರುವವರ ಪಾಲು ಶೇ. 22.8ರಿಂದ ಶೇ. 21.7ಕ್ಕೆ ಇಳಿಯಿತು.

ಸ್ವಂತ ಉದ್ಯೋಗವೆಂದರೆ ಅಂಗಡಿ, ಕಾರ್ಖಾನೆ ಇಟ್ಟವರು ಮಾತ್ರವಲ್ಲ. ಮನೆಯ ತೋಟದಲ್ಲಿ, ಮನೆಯ ಅಂಗಡಿಯಲ್ಲಿ ಸಂಬಳವಿಲ್ಲದೆ ಕೈಜೋಡಿಸುವವರೂ ಇದರಲ್ಲಿ ಸೇರಿದ್ದಾರೆ. ಡಿಗ್ರಿ ಮುಗಿಸಿ ಕೆಲಸ ಸಿಗದೆ ತಂದೆಯ ಅಡಿಕೆ ತೋಟಕ್ಕೆ ಮದ್ದು ಬಿಡಲು, ಅಡಿಕೆ ಸುಲಿಯಲು ಸಹಾಯ ಮಾಡುವ ಯುವಕ ಲೆಕ್ಕದಲ್ಲಿ ಉದ್ಯೋಗಸ್ಥ. ಮೊದಲು ಆ ತೋಟವನ್ನು ತಂದೆ ಒಬ್ಬರೇ ನೋಡಿಕೊಳ್ಳುತ್ತಿದ್ದರು, ಈಗ ಇಬ್ಬರು ನೋಡಿಕೊಳ್ಳುತ್ತಾರೆ. ಅಡಿಕೆ ಹೆಚ್ಚಾಗಲಿಲ್ಲ, ಆದಾಯ ಹೆಚ್ಚಾಗಲಿಲ್ಲ. ಉದ್ಯೋಗ ಮಾತ್ರ ಒಂದು ಹೆಚ್ಚಾಯಿತು.

ಮಹಿಳೆಯರ ವಿಷಯದಲ್ಲಿ ಇದು ಇನ್ನೂ ಸ್ಪಷ್ಟ. 15 ವರ್ಷ ಮೇಲ್ಪಟ್ಟ ಮಹಿಳೆಯರಲ್ಲಿ ಶ್ರಮಶಕ್ತಿಯಲ್ಲಿ ಇರುವವರು 2017-18ರಲ್ಲಿ ಶೇ. 23.3 ಇದ್ದರು. 2023-24ರಲ್ಲಿ ಶೇ. 41.7 ಆದರು. ಆರು ವರ್ಷಗಳಲ್ಲಿ ಇದು ಬಹಳ ದೊಡ್ಡ ಏರಿಕೆ. ಸರಕಾರ ಇದನ್ನು ಸಾಧನೆ ಎನ್ನುತ್ತದೆ. ಆದರೆ ದುಡಿಯುವ ಮಹಿಳೆಯರಲ್ಲಿ ಸ್ವಂತ ಉದ್ಯೋಗದವರ ಪಾಲು ಇದೇ ಅವಧಿಯಲ್ಲಿ ಶೇ. 51.9ರಿಂದ ಶೇ. 67.4ಕ್ಕೆ ಏರಿದೆ. 2023-24ರಲ್ಲಿ ದುಡಿಯುವ ಮಹಿಳೆಯರಲ್ಲಿ ಮೂರನೇ ಒಂದಕ್ಕಿಂತ ಹೆಚ್ಚು ಮಂದಿ, ಅಂದರೆ ಶೇ. 36.7, ಮನೆಯ ಕಸುಬಿನಲ್ಲಿ ಸಂಬಳವಿಲ್ಲದ ಸಹಾಯಕರು. ಇವರು ದುಡಿಯುತ್ತಿಲ್ಲ ಎಂದು ನಾವು ಹೇಳುವುದಿಲ್ಲ. ದನ ಸಾಕುವುದು, ತರಕಾರಿ ಬೆಳೆಯುವುದು ಖಂಡಿತ ದುಡಿಮೆಯೇ. ಹಿಂದೆ ಇವರನ್ನು ಲೆಕ್ಕಕ್ಕೇ ಹಿಡಿಯದೆ ಇದ್ದದ್ದು ಅನ್ಯಾಯ, ಈಗ ಹೆಚ್ಚು ಎಚ್ಚರದಿಂದ ಕೇಳಿ ದಾಖಲಿಸುತ್ತಿದ್ದರೆ ಅದು ಒಳ್ಳೆಯದೇ. ಆದರೆ ಕೈಗೆ ಒಂದು ರೂಪಾಯಿ ಬಾರದ ದುಡಿಮೆಯನ್ನು ಹೊಸದಾಗಿ ಸೃಷ್ಟಿಯಾದ ಉದ್ಯೋಗ ಎಂದು ಜಾಹೀರಾತು ಮಾಡುವುದು ಸರಿಯಲ್ಲ.

ನಂಬಿಕೆ ಕುಂದಿದ್ದು ಯಾಕೆ?

ಇಷ್ಟರ ವರೆಗೆ ಅಳತೆಯ ಮಾತಾಯಿತು. ಅಳೆಯುವವರ ಮೇಲಿನ ನಂಬಿಕೆಯ ಪ್ರಶ್ನೆ ಬೇರೆಯೇ ಇದೆ. ಮೊದಲ ಪಿಎಲ್‌ಎಫ್‌ಎಸ್ ವರದಿಗೆ ರಾಷ್ಟ್ರೀಯ ಅಂಕಿ ಅಂಶ ಆಯೋಗ 2018ರ ಡಿಸೆಂಬರ್‌ನಲ್ಲೇ ಒಪ್ಪಿಗೆ ನೀಡಿದ್ದರೂ ಸರಕಾರ ಅದನ್ನು ಬಿಡುಗಡೆ ಮಾಡಲಿಲ್ಲ. 2019ರ ಜನವರಿಯಲ್ಲಿ ಆಯೋಗದ ಹಂಗಾಮಿ ಅಧ್ಯಕ್ಷ ಪಿ.ಸಿ. ಮೋಹನನ್ ಮತ್ತು ಸದಸ್ಯೆ ಜೆ.ವಿ. ಮೀನಾಕ್ಷಿ ರಾಜೀನಾಮೆ ಕೊಟ್ಟರು. ಅದರ ಬೆನ್ನಿಗೇ ಬಿಸಿನೆಸ್ ಸ್ಟ್ಯಾಂಡರ್ಡ್ ಪತ್ರಿಕೆ ವರದಿಯ ಅಂಕಿಯನ್ನು ಬಯಲಿಗೆ ತಂದಿತು. 2017-18ರ ನಿರುದ್ಯೋಗ ದರ ಶೇ. 6.1, ಇದು 45 ವರ್ಷಗಳಲ್ಲೇ ಅತಿ ಹೆಚ್ಚು ಎಂದು ಅದು ಬರೆಯಿತು. ಅದು ಕರಡು ಮಾತ್ರ ಎಂದು ಆಗ ಹೇಳಲಾಯಿತು. ಲೋಕಸಭಾ ಚುನಾವಣೆ ಮುಗಿದು ಹೊಸ ಸರಕಾರ ಪ್ರಮಾಣ ವಚನ ಸ್ವೀಕರಿಸಿದ ಮರುದಿನ, 2019ರ ಮೇ 31ರಂದು, ಅದೇ ಶೇ. 6.1ನ್ನು ಅಧಿಕೃತವಾಗಿ ಪ್ರಕಟಿಸಲಾಯಿತು.

2011-12ರಲ್ಲಿ ಈ ದರ ಶೇ. 2.2 ಇತ್ತು. ಮನೆಗಳನ್ನು ಆರಿಸುವ ಕ್ರಮ ಬದಲಾಗಿದೆ, ಆದುದರಿಂದ ಹಿಂದಿನ ಅಂಕಿಯೊಂದಿಗೆ ಹೋಲಿಸಬಾರದು ಎಂದು ಸರಕಾರ ವಾದಿಸಿತು. ಆ ವಾದದಲ್ಲಿ ಸ್ವಲ್ಪ ಹುರುಳಿದೆ. ಹೊಸ ಸಮೀಕ್ಷೆಯಲ್ಲಿ ಹತ್ತನೇ ತರಗತಿ ಮುಗಿಸಿದ ಸದಸ್ಯರು ಎಷ್ಟಿದ್ದಾರೆ ಎನ್ನುವುದನ್ನು ಆಧರಿಸಿ ಮನೆಗಳನ್ನು ವಿಂಗಡಿಸುತ್ತಾರೆ. ಆದರೆ ವರದಿಯನ್ನು ತಡೆಹಿಡಿದದ್ದಕ್ಕೆ ಅದು ಉತ್ತರವಲ್ಲ. ಈ ಪ್ರಕರಣದಲ್ಲಿ ಗಮನಿಸಬೇಕಾದ್ದು ಏನೆಂದರೆ, ಅಂಕಿಯನ್ನು ಯಾರೂ ತಿದ್ದಲಿಲ್ಲ. ಬಯಲಾದದ್ದೂ, ಪ್ರಕಟವಾದದ್ದೂ ಒಂದೇ. ಕಾಲ ಮಾತ್ರ ಕೈಯಾಡಿಸಿದ್ದು. ಆದರೂ ಜನರ ನಂಬಿಕೆಗೆ ಪೆಟ್ಟು ಬೀಳಲು ಅಷ್ಟೇ ಸಾಕಾಯಿತು.

2025ರ ಜುಲೈಯಲ್ಲಿ ರಾಯ್ಟರ್ಸ್ ಸುದ್ದಿಸಂಸ್ಥೆ ಸುಮಾರು 50 ಮಂದಿ ಅರ್ಥಶಾಸ್ತ್ರಜ್ಞರನ್ನು ಕೇಳಿದಾಗ ಹೆಚ್ಚಿನವರು ಅಧಿಕೃತ ದರ ನಿಜಸ್ಥಿತಿಯನ್ನು ತೋರಿಸುವುದಿಲ್ಲ ಎಂದರು. ಸಚಿವಾಲಯ ಇದನ್ನು ಅಲ್ಲಗಳೆದು, ನಮ್ಮ ಕ್ರಮ ಅಂತಾರಾಷ್ಟ್ರೀಯ ಮಾನದಂಡಕ್ಕೆ ಅನುಗುಣವಾಗಿದೆ ಎಂದಿತು. ವಾರಕ್ಕೆ ಒಂದು ಗಂಟೆಯ ನಿಯಮ ನಮ್ಮ ಸರಕಾರ ಕಂಡುಹಿಡಿದದ್ದಲ್ಲ. ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆಯ ಮಾನದಂಡವೂ ಅದೇ. ಆದರೆ ತಿಂಗಳ ಸಂಬಳದವರೇ ಹೆಚ್ಚಿರುವ ದೇಶಗಳಲ್ಲಿ ಆ ನಿಯಮದಿಂದ ಆಗುವ ವ್ಯತ್ಯಾಸ ಕಡಿಮೆ. ಅರ್ಧದಷ್ಟು ಮಂದಿ ಸ್ವಂತ ದುಡಿಮೆಯಲ್ಲಿರುವ ನಮ್ಮಲ್ಲಿ ವ್ಯತ್ಯಾಸ ಬಹಳ.

ಖಾಸಗಿ ಅಂಕಿಗಳು ಹೆಚ್ಚು ನಂಬಲರ್ಹವೇ?

ಸರಕಾರದ ಅಂಕಿ ಬೇಡವೆಂದವರು ಸಾಮಾನ್ಯವಾಗಿ ಸಿಎಂಐಇ ಎಂಬ ಮುಂಬೈಯ ಖಾಸಗಿ ಸಂಸ್ಥೆಯ ಅಂಕಿಯನ್ನು ಹಿಡಿದುಕೊಳ್ಳುತ್ತಾರೆ. ಅದು 2016ರಿಂದ ತಿಂಗಳು ತಿಂಗಳು ನಿರುದ್ಯೋಗ ದರ ಕೊಡುತ್ತಿದೆ. 2020ರ ಏಪ್ರಿಲ್‌ನಲ್ಲಿ ದರ ಶೇ. 23ಕ್ಕಿಂತ ಹೆಚ್ಚಾಯಿತು ಎಂದು ಮೊದಲು ತಿಳಿಸಿದ್ದು ಅದೇ. ಸರಕಾರದ ವರದಿ ಬರಲು ತಿಂಗಳುಗಟ್ಟಲೆ ಕಾಯಬೇಕಾಗಿದ್ದ ಕಾಲದಲ್ಲಿ ಅದರ ಉಪಕಾರ ದೊಡ್ಡದು. ಆದರೆ ಆ ಸಂಸ್ಥೆ ಕೆಲಸದ ಸ್ಥಿತಿಯನ್ನು ಸಮೀಕ್ಷೆಯ ದಿನಕ್ಕೆ ಸೀಮಿತಗೊಳಿಸಿ ಕೇಳುತ್ತದೆ, ಆದುದರಿಂದ ಅದರ ದರ ಸಹಜವಾಗಿಯೇ ಹೆಚ್ಚು. ಅದರ ಮಾದರಿಯಲ್ಲಿ ಅತ್ಯಂತ ಬಡ ಕುಟುಂಬಗಳು ಸಾಕಷ್ಟು ಸೇರಿಲ್ಲ ಎಂದು ಅರ್ಥಶಾಸ್ತ್ರಜ್ಞರಾದ ಜಾನ್ ಡ್ರೇಜ್ ಮತ್ತು ಅನ್ಮೋಲ್ ಸೋಮಂಚಿ 2021ರಲ್ಲಿ ತೋರಿಸಿದರು. ಸಂಸ್ಥೆಯವರು ಅದನ್ನು ಒಪ್ಪಲಿಲ್ಲ. ಖಾಸಗಿಯವರು ಹೇಳಿದ್ದೆಲ್ಲ ಸತ್ಯ, ಸರಕಾರ ಹೇಳಿದ್ದೆಲ್ಲ ಸುಳ್ಳು ಎನ್ನುವುದೂ ಒಂದು ಮೂಢನಂಬಿಕೆಯೇ.

ಭವಿಷ್ಯ ನಿಧಿಯ ಅಂಕಿಗಳೂ ಇವೆ. ಇಷ್ಟು ಲಕ್ಷ ಮಂದಿ ಈ ತಿಂಗಳು ಹೊಸದಾಗಿ ಸೇರಿದರು ಎಂದು 2018ರಿಂದ ಪ್ರಕಟವಾಗುತ್ತಿದೆ. ಆದರೆ ಹತ್ತು ವರ್ಷಗಳಿಂದ ಇರುವ ಕೆಲಸಕ್ಕೆ ಮಾಲೀಕ ಈಗ ಪಿಎಫ್ ಕಟ್ಟಲು ಆರಂಭಿಸಿದರೂ ಅದು ಹೊಸ ಸದಸ್ಯತ್ವವೇ. ಅದು ಕಾರ್ಮಿಕನಿಗೆ ಒಳ್ಳೆಯದು, ಆದರೆ ಹೊಸ ಉದ್ಯೋಗವಲ್ಲ.

ಕೋಟಿಗಳ ಲೆಕ್ಕದಲ್ಲಂತೂ ಇನ್ನೂ ಎಚ್ಚರ ಬೇಕು. ಸಮೀಕ್ಷೆ ಕೊಡುವುದು ಶೇಕಡಾವಾರು ಲೆಕ್ಕ. ಅದನ್ನು ಕೋಟಿಗೆ ಪರಿವರ್ತಿಸಲು ಜನಸಂಖ್ಯೆ ಗೊತ್ತಿರಬೇಕು. ನಮ್ಮ ಕೊನೆಯ ಜನಗಣತಿ 2011ರದ್ದು. 2021ರದ್ದು ನಡೆಯಲಿಲ್ಲ. ಮುಂದಿನದರ ಉಲ್ಲೇಖ ದಿನ 2027ರ ಮಾರ್ಚ್ 1 ಎಂದು 2025ರ ಜೂನ್‌ನಲ್ಲಿ ಅಧಿಸೂಚನೆ ಹೊರಟಿದೆ. ಅಲ್ಲಿಯ ವರೆಗೆ ಎಲ್ಲ ಕೋಟಿಗಳೂ ಅಂದಾಜಿನ ಮೇಲಿನ ಅಂದಾಜು.

ಈ ತೊಂದರೆ ನಮ್ಮ ದೇಶಕ್ಕೆ ಮಾತ್ರ ಸೀಮಿತವಲ್ಲ. ಬ್ರಿಟನ್‌ನಲ್ಲಿ ಸಮೀಕ್ಷೆಗೆ ಉತ್ತರಿಸುವವರು ತೀರಾ ಕಡಿಮೆಯಾದ ಕಾರಣ 2023ರ ಅಕ್ಟೋಬರ್‌ನಲ್ಲಿ ಅಲ್ಲಿನ ಅಂಕಿ ಅಂಶ ಕಚೇರಿ ತನ್ನ ಸಮೀಕ್ಷೆಯ ನಿರುದ್ಯೋಗ ದರದ ಪ್ರಕಟಣೆಯನ್ನೇ ಕೆಲಕಾಲ ನಿಲ್ಲಿಸಬೇಕಾಯಿತು. ಅಮೆರಿಕದಲ್ಲಿ ಹಿಂದಿನ ತಿಂಗಳುಗಳ ಉದ್ಯೋಗ ಸಂಖ್ಯೆಯನ್ನು ಕೆಳಕ್ಕೆ ಪರಿಷ್ಕರಿಸಿದ ವರದಿ ಬಂದ ದಿನವೇ, 2025ರ ಆಗಸ್ಟ್ 1ರಂದು, ಅಧ್ಯಕ್ಷ ಟ್ರಂಪ್ ಕಾರ್ಮಿಕ ಅಂಕಿ ಅಂಶ ಕಚೇರಿಯ ಮುಖ್ಯಸ್ಥೆ ಎರಿಕಾ ಮೆಕೆಂಟಾರ್ಫರ್ ಅವರನ್ನು ವಜಾ ಮಾಡಿದರು. ಜ್ವರ ಹೆಚ್ಚು ತೋರಿಸಿತೆಂದು ಥರ್ಮಾಮೀಟರನ್ನು ಬಿಸಾಡಿದರೆ ಜ್ವರ ಇಳಿಯುತ್ತದೆಯೇ?

ಹಾಗಾದರೆ ನಾವು ಏನು ಮಾಡಬೇಕು?

ಒಟ್ಟಿನಲ್ಲಿ ಹೇಳುವುದಾದರೆ, ಪಿಎಲ್‌ಎಫ್‌ಎಸ್ ಸುಳ್ಳು ಲೆಕ್ಕವಲ್ಲ. ಅದು ತಾನು ಕೇಳಿದ ಪ್ರಶ್ನೆಗೆ ಸಿಕ್ಕಿದ ಉತ್ತರವನ್ನು ಹೇಳುತ್ತದೆ. ಆ ಒಂದು ಅಂಕಿಯಿಂದ ಕೇಳದ ಪ್ರಶ್ನೆಗಳಿಗೂ ಉತ್ತರ ಹಿಂಡಲು ಹೋದಾಗ ಮೋಸ ಹೋಗುತ್ತೇವೆ. ಆದುದರಿಂದ ಮುಂದಿನ ಬಾರಿ ಪತ್ರಿಕೆಯಲ್ಲಿ ನಿರುದ್ಯೋಗ ಇಳಿಯಿತು ಅಥವಾ ಏರಿತು ಎಂದು ಓದಿದಾಗ ಕೆಲವು ವಿಷಯಗಳನ್ನು ವಿಚಾರಿಸೋಣ. ಇದು ವರ್ಷದ ಲೆಕ್ಕವೋ ವಾರದ ಲೆಕ್ಕವೋ? ಹೋಲಿಸುತ್ತಿರುವ ಎರಡೂ ಅಂಕಿಗಳು ಒಂದೇ ಅಳತೆಯವೇ? ಯುವಜನರ ದರ ಎಷ್ಟು? ತಿಂಗಳ ಸಂಬಳದವರ ಪಾಲು ಹೆಚ್ಚಿದೆಯೇ? ಸಂಬಳವಿಲ್ಲದ ಸಹಾಯಕರು ಎಷ್ಟು? ಇಷ್ಟು ತಿಳಿದರೆ ಟಿವಿ ಚರ್ಚೆಯ ಕೂಗಾಟದಲ್ಲಿ ಅರ್ಧ ತಾನಾಗಿಯೇ ಬಿದ್ದುಹೋಗುತ್ತದೆ.

ಎರಡನೆಯದಾಗಿ, ಸಮೀಕ್ಷೆಯವರು ನಮ್ಮ ಮನೆ ಬಾಗಿಲಿಗೆ ಬಂದಾಗ ಸರಿಯಾದ ಉತ್ತರ ಕೊಡುವುದು ನಮ್ಮ ಜವಾಬ್ದಾರಿ. ದಿನವಿಡೀ ಬೀಡಿ ಕಟ್ಟಿ ಬ್ರಾಂಚ್‌ಗೆ ಕೊಡುವ ತಾಯಿ "ನನಗೇನೂ ಕೆಲಸ ಇಲ್ಲ, ಮನೆಯಲ್ಲೇ ಇರುತ್ತೇನೆ" ಎನ್ನಬಾರದು. ಅದು ದುಡಿಮೆ, ಅದಕ್ಕೆ ಕೂಲಿಯೂ ಇದೆ. ಕೆಲಸ ಬೇಕೆಂದು ಮನಸ್ಸಿನಲ್ಲಿ ಆಸೆಯಿರುವ ಮಗಳ ಪರವಾಗಿ ತಂದೆ "ಅವಳಿಗೆ ಕೆಲಸ ಬೇಡ" ಎಂದು ಉತ್ತರಿಸಬಾರದು. ಅವಳನ್ನೇ ಕರೆದು ಕೇಳಲಿ. ಮಗನಿಗೆ ಕೆಲಸವಿಲ್ಲ ಎನ್ನಲು ನಾಚಿಕೆಯಾಗಿ "ತೋಟ ನೋಡಿಕೊಳ್ಳುತ್ತಾನೆ" ಎಂದು ಹೇಳಿದರೆ ಆ ನಾಚಿಕೆಯೂ ದೇಶದ ಅಂಕಿಯಲ್ಲಿ ಸೇರಿಹೋಗುತ್ತದೆ.

ಮೂರನೆಯದಾಗಿ, ನಮ್ಮ ಚರ್ಚ್‌ಗಳಲ್ಲಿಯೂ ಆಗಾಗ ಕುಟುಂಬಗಳ ಸಮೀಕ್ಷೆ ನಡೆಯುತ್ತದೆ. ಗುರಿಕಾರರು, ಯುವ ಸಂಚಾಲನದ ಮಕ್ಕಳು, ಧರ್ಮಭಗಿನಿಯರು ಮನೆ ಮನೆಗೆ ಹೋಗುತ್ತಾರೆ. ಫಾರ್ಮಿನಲ್ಲಿ ಉದ್ಯೋಗ ಎಂಬ ಒಂದು ಖಾಲಿ ಜಾಗ ಇರುತ್ತದೆ. ಅಲ್ಲಿ ಕೃಷಿ, ಗೃಹಿಣಿ, ವಿದ್ಯಾರ್ಥಿ ಎಂದು ಒಂದು ಪದ ಬರೆದು ಮುಗಿಸುತ್ತೇವೆ. ಆ ಒಂದು ಪದದ ಹಿಂದೆ ಎಷ್ಟು ಕಷ್ಟ ಅಡಗಿದೆ ಎನ್ನುವುದು ಗೊತ್ತಾಗುವುದಿಲ್ಲ. ಅದರ ಬದಲು ನಾಲ್ಕು ಪ್ರಶ್ನೆ ಕೇಳೋಣ. ಕಳೆದ ವರ್ಷ ಎಷ್ಟು ತಿಂಗಳು ಕೆಲಸ ಇತ್ತು? ಕಳೆದ ವಾರ ಎಷ್ಟು ದಿನ? ಅದರಿಂದ ಕೈಗೆ ಹಣ ಬಂತೇ? ಕಲಿತ ವಿದ್ಯೆಗೆ ತಕ್ಕ ಕೆಲಸ ಹತ್ತಿರದಲ್ಲಿ ಸಿಕ್ಕಿದರೆ ಮಾಡುತ್ತೀರಾ? ಈ ನಾಲ್ಕು ಉತ್ತರಗಳು ಕೈಯಲ್ಲಿದ್ದರೆ ಯಾರಿಗೆ ತರಬೇತಿ ಬೇಕು, ಯಾರಿಗೆ ಮಳೆಗಾಲದ ಎರಡು ತಿಂಗಳ ನೆರವು ಬೇಕು, ಯಾವ ಮನೆಯ ಹೆಣ್ಣುಮಗಳಿಗೆ ಹತ್ತಿರದ ಆಸ್ಪತ್ರೆಯಲ್ಲಿ ಅರ್ಧ ದಿನದ ಕೆಲಸ ವಿಚಾರಿಸಬಹುದು ಎಂದು ತಿಳಿಯುತ್ತದೆ.

ದೇಶದ ಅಂಕಿಯನ್ನು ಸರಿಪಡಿಸುವುದು ನಮ್ಮ ಕೈಯಲ್ಲಿಲ್ಲ. ವರದಿಗಳನ್ನು ತಡೆಹಿಡಿಯದೆ ಹೇಳಿದ ದಿನ ಪ್ರಕಟಿಸಿ, ಅಂಕಿ ಅಂಶ ಆಯೋಗಕ್ಕೆ ನಿಜವಾದ ಸ್ವಾತಂತ್ರ್ಯ ಕೊಡಿ ಎಂದು ಯಾವ ಪಕ್ಷದ ಸರಕಾರವಿದ್ದರೂ ಒತ್ತಾಯಿಸುವುದು ನಾಗರಿಕರಾಗಿ ನಮ್ಮ ಕರ್ತವ್ಯ. ಆದರೆ ನಮ್ಮ ವಾಳೆಯ ಲೆಕ್ಕ ನಮ್ಮ ಕೈಯಲ್ಲೇ ಇದೆ. ಅಲ್ಲಿ ಶೇಕಡಾವಾರು ಬೇಕಾಗಿಲ್ಲ, ಹೆಸರು ಹಿಡಿದೇ ಎಣಿಸಬಹುದು.